ಬ್ಯಾಪ್ಟಿಸ್ಟ್ ಪ್ರಾರ್ಥನಾಲಯಗಳ ವಾಸ್ತು

ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಬ್ಯಾಪ್ಟಿಸ್ಟ್ ಪಂಗಡದವರು ಆರಾಧನೆಗೆಂದು ಕಟ್ಟಿಕೊಂಡ ಸಭಾಮಂದಿರಗಳ ನಿರ್ಮಾಣಕ್ರಮ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೈತಳೆದ ಈ ಕ್ರಮ ಅಲ್ಲಿಂದ ಅಮೆರಿಕಕ್ಕೆ ಹೋಯಿತು. 19ನೆಯ ಶತಮಾನದಲ್ಲಿ ಬಂಗಾಳ, ಬರ್ಮಾ, ತೆಲುಗು ನಾಡು ಮತ್ತು ಈಶಾನ್ಯ ಭಾರತದ ಬೆಟ್ಟಗಳಿಗೆ ಹಬ್ಬಿತು. ಸಣ್ಣ ಊರುಗಳಲ್ಲಿರುವ ಇಂಥ ಹಳೆಯ ಮಂದಿರಗಳು ಹೊರಗಿನಿಂದ ಶಾಲೆಯೋ ಉಗ್ರಾಣವೋ ಎನ್ನಿಸುವಷ್ಟು ಸರಳ. ಶಿಖರವನ್ನೂ ಶಿಲ್ಪವನ್ನೂ ಹುಡುಕುವ ಕಣ್ಣಿಗೆ ಸಪ್ಪೆಯಾಗಿ ಕಂಡದ್ದರಿಂದ ವಾಸ್ತುಚರಿತ್ರೆಯಲ್ಲಿ ಇವಕ್ಕೆ ಸಿಕ್ಕ ಜಾಗ ಕಡಿಮೆ. ಅದು ನ್ಯಾಯವಲ್ಲ. ಇವುಗಳ ಹೆಚ್ಚುಗಾರಿಕೆ ಇರುವುದು ಒಳಗಿನ ಏರ್ಪಾಡಿನಲ್ಲಿ. ನೀರಿನ ತೊಟ್ಟಿ ಎಲ್ಲಿರಬೇಕು, ಬೋಧಕ ಎಲ್ಲಿ ನಿಲ್ಲಬೇಕು, ಜನ ಎಲ್ಲಿ ಕೂರಬೇಕು ಎಂಬ ಮೂರು ಪ್ರಶ್ನೆಗಳಿಗೆ ಸಭೆ ಕೊಟ್ಟ ಉತ್ತರವೇ ಇಲ್ಲಿ ಗೋಡೆಯಾಗಿ, ಕಿಟಕಿಯಾಗಿ, ಸೂರಾಗಿ ನಿಂತಿದೆ.

ನಂಬಿಕೆ ಮತ್ತು ನಕ್ಷೆ

ನಕ್ಷೆಯನ್ನು ರೂಪಿಸುವ ನಂಬಿಕೆಗಳು ಮೂರು. ಮೊದಲನೆಯದು ದೀಕ್ಷಾಸ್ನಾನದ್ದು. ಬ್ಯಾಪ್ಟಿಸ್ಟರು ಎಳೆಗೂಸಿಗೆ ಅದನ್ನು ಕೊಡುವುದಿಲ್ಲ. ತಿಳಿವಳಿಕೆ ಬಂದವರು ತಾವಾಗಿ ಮುಂದೆ ಬಂದು, ಸಭೆಯ ಎದುರು ತಮ್ಮ ನಂಬಿಕೆಯನ್ನು ಹೇಳಿಕೊಂಡು, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಆಂಗ್ಲಿಕನ್ ಚರ್ಚಿನಲ್ಲಿ ಬಾಗಿಲ ಬಳಿ ಸೊಂಟದೆತ್ತರದ ಕಲ್ಲಿನ ಬೋಗುಣಿ ಇರುತ್ತದೆ; ಮಗುವಿನ ತಲೆಯ ಮೇಲೆ ಮೂರು ಬೊಗಸೆ ನೀರು ಹಾಕಲು ಅಷ್ಟು ಸಾಕು. ಆಳೆತ್ತರದ ಮನುಷ್ಯ ಮುಳುಗಬೇಕಾದರೆ ಬೋಗುಣಿ ಸಾಲದು, ಹೊಳೆ ಬೇಕು, ಇಲ್ಲವೇ ತೊಟ್ಟಿ ಕಟ್ಟಬೇಕು. ದೀಕ್ಷೆ ಎಲ್ಲರ ಕಣ್ಣೆದುರು ನಡೆಯಬೇಕಾದ್ದರಿಂದ ಆ ತೊಟ್ಟಿ ಮೂಲೆಯಲ್ಲಿದ್ದರೂ ಆಗದು.

ಎರಡನೆಯದು ಪ್ರಸಂಗಪೀಠ. ಇಲ್ಲಿ ಬಲಿಪೀಠವಿಲ್ಲ, ಆರಾಧನೆಯ ನಡುವಣ ಸಂಗತಿ ಬೈಬಲಿನ ಓದು ಮತ್ತು ಪ್ರಸಂಗ. ಹೀಗಾಗಿ ಪೀಠ ಪಕ್ಕಕ್ಕೆ ಸರಿಯದೆ ಗೋಡೆಯ ನಟ್ಟನಡುವೆ, ಎತ್ತರದಲ್ಲಿ ನಿಲ್ಲುತ್ತದೆ. ಅದರ ಕೆಳಗೆ ಪ್ರಭುಭೋಜನಕ್ಕೆ ಒಂದು ಮೇಜು. ಅದು ಮನೆಯ ಊಟದ ಮೇಜಿನಂಥದೇ ಮರದ ಮೇಜು. ಅದರ ಸುತ್ತ ಸಭೆಯ ಹಿರಿಯರು ಕೂರುತ್ತಾರೆ.

ಮೂರನೆಯದು ಸಭೆಯ ಸ್ವಾತಂತ್ರ್ಯ. ಬ್ಯಾಪ್ಟಿಸ್ಟರಲ್ಲಿ ಬಿಷಪ್ಪರಿಲ್ಲ. ಪ್ರತಿ ಊರಿನ ಸಭೆಯೂ ತನ್ನ ಸಭಾಪಾಲಕನನ್ನು ತಾನೇ ಆರಿಸಿಕೊಂಡು, ತನ್ನ ಕಟ್ಟಡವನ್ನು ತನ್ನ ಚಂದಾದಿಂದ ತಾನೇ ಕಟ್ಟಿಕೊಳ್ಳುತ್ತದೆ. ಇಂಥದೇ ಶೈಲಿಯಿರಲಿ ಎಂದು ಮೇಲಿನಿಂದ ಅಪ್ಪಣೆ ಬರುವುದಿಲ್ಲ. ಊರಿನ ಮೇಸ್ತ್ರಿ ಬಲ್ಲದ್ದೇ ಶೈಲಿ, ಊರಿನಲ್ಲಿ ಸಿಗುವುದೇ ಸಾಮಗ್ರಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಮರದ ಚೌಕಟ್ಟಿನ ಮನೆಯನ್ನೂ ತೆಲುಗು ನಾಡಿನ ಒಂಗೋಲಿನ ಗಾರೆ ಗೋಡೆಯ ಕಟ್ಟಡವನ್ನೂ ಒಂದೇ ಕುಲಕ್ಕೆ ಸೇರಿಸುವುದು ಅವುಗಳ ನಕ್ಷೆ.

ತೊಟ್ಟಿಯ ಕೆಲಸ

ತೊಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉಳಿದದ್ದೆಲ್ಲ ಅದರ ಸುತ್ತಲೇ ಹೊಂದಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಪ್ರಸಂಗಪೀಠದ ಮುಂದೆ ನೆಲದೊಳಗೆ ಇರುತ್ತದೆ. ವರ್ಷದ ಹೆಚ್ಚಿನ ದಿನ ಅದರ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಪ್ರಭುಭೋಜನದ ಮೇಜು ಇಟ್ಟಿರುತ್ತಾರೆ. ದೀಕ್ಷೆಯ ದಿನ ಮೇಜು ಸರಿಸಿ ಹಲಗೆ ಎತ್ತಿದರೆ ಕೆಳಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು.

ದೀಕ್ಷೆ ಪಡೆಯುವವರನ್ನು ಸಭಾಪಾಲಕ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಒರಗಿಸಿ ಮುಳುಗಿಸುತ್ತಾನೆ. ಹಾಗೆ ಒರಗಲು ಆರಡಿ ಜಾಗವಾದರೂ ಬೇಕು, ಪಕ್ಕದಲ್ಲಿ ನಿಂತವನಿಗೆ ಕೈಯಾಡಿಸಲು ಅಗಲ ಬೇಕು, ನೀರು ಸೊಂಟಕ್ಕೆ ಬರಬೇಕು. 8 ಅಡಿ ಉದ್ದ, 5 ಅಡಿ ಅಗಲದ ತೊಟ್ಟಿಯಲ್ಲಿ ಮೂರೂವರೆ ಅಡಿ ನೀರು ನಿಲ್ಲಿಸಿದರೆ ಅದು 140 ಘನ ಅಡಿ. ಅಂದರೆ ಸುಮಾರು 4,000 ಲೀಟರ್, ತೂಕದಲ್ಲಿ 4 ಟನ್. ಇಷ್ಟು ಭಾರ ಹೊರುವಂತೆ ತಳ ಗಟ್ಟಿಯಾಗಿರಬೇಕು, ನೀರು ಜಿನುಗಿ ಗೋಡೆಯ ಬುಡ ಕೊಳೆಯದಂತೆ ಒಳಮೈ ಬಿಗಿಯಾಗಿರಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆ ಇಟ್ಟಿಗೆಯ ಮೇಲೆ ಸೀಸದ ತಗಡು, ಅಮೃತಶಿಲೆ ಅಥವಾ ಮೆರುಗಿನ ಬಿಲ್ಲೆಗಳನ್ನು ಹೊದಿಸಿದರು. ನಮ್ಮ ಕಡೆಯ ಗಾರೆ ಕೆಲಸದವರಿಗೆ ನೀರು ಹಿಡಿಯುವ ತೊಟ್ಟಿ ಹೊಸದಲ್ಲ. ನಯವಾಗಿ ಅರೆದ ಸುಣ್ಣದ ಗಾರೆಯನ್ನು ಉಜ್ಜಿ ಉಜ್ಜಿ ಹೊಳಪು ತಂದರೆ ಅದೂ ನೀರು ಬಿಡುವುದಿಲ್ಲ.

ಒಂದು ಬದಿಯಿಂದ ಇಳಿದು ಇನ್ನೊಂದು ಬದಿಯಿಂದ ಏರುವಂತೆ ಎರಡು ಕಡೆ ಮೆಟ್ಟಿಲಿದ್ದರೆ ಸರದಿ ಸುಗಮವಾಗಿ ಸಾಗುತ್ತದೆ. ಮೇಲೆ ಬಂದವರ ಬಟ್ಟೆ ತೊಯ್ದಿರುತ್ತದೆ. ಅದಕ್ಕಾಗಿ ಪೀಠದ ಹಿಂದೆ ಎಡಬಲಗಳಲ್ಲಿ ಎರಡು ಕೋಣೆ, ಒಂದು ಗಂಡಸರಿಗೆ, ಒಂದು ಹೆಂಗಸರಿಗೆ. ನಕ್ಷೆಯಲ್ಲಿ ಈ ಜೋಡಿ ಕೋಣೆಗಳು ಕಂಡರೆ ಅದು ಬ್ಯಾಪ್ಟಿಸ್ಟರ ಕಟ್ಟಡವಿರಬಹುದೆಂದು ಊಹಿಸಬಹುದು. ಅಮೆರಿಕದ ಅನೇಕ ಸಭೆಗಳು ಮುಂದೆ ತೊಟ್ಟಿಯನ್ನು ನೆಲದಿಂದ ಮೇಲೆತ್ತಿ ಪೀಠದ ಹಿಂದಿನ ಗೋಡೆಯಲ್ಲಿ ಗೂಡಿನಂತೆ ಕೂರಿಸಿದವು; ಅದರ ಹಿಂಬದಿಗೆ ಯೊರ್ದಾನ್ ನದಿಯ ಚಿತ್ರ ಬರೆಸುವ ರೂಢಿಯೂ ಬಂತು. ಕೊನೆಯ ಸಾಲಿನವರಿಗೂ ದೀಕ್ಷೆ ಕಾಣಬೇಕೆಂಬುದು ಇದರ ಉದ್ದೇಶ.

ಇಂಗ್ಲೆಂಡಿನ ಆರಂಭ

ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಪಾದ್ರಿ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಕೂಡಿಸಿದ. ಅವನ ಜೊತೆಗಾರ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ 1612ರ ಸುಮಾರಿಗೆ ಸ್ಪಿಟಲ್‌ಫೀಲ್ಡ್ಸಿನಲ್ಲಿ ಇಂಗ್ಲೆಂಡಿನ ಮೊದಲ ಸಭೆಯನ್ನು ಸ್ಥಾಪಿಸಿದ. ಮುಳುಗಿಸಿ ದೀಕ್ಷೆ ಕೊಡುವ ಪದ್ಧತಿ ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ನೆಲೆಗೊಂಡದ್ದು 1640ರ ದಶಕದಲ್ಲಿ.

ರಾಜ್ಯದ ಚರ್ಚನ್ನು ಒಪ್ಪದವರಿಗೆ ಆಗ ಕಟ್ಟಡ ಕಟ್ಟುವುದಿರಲಿ, ಕೂಡುವುದೇ ಅಪರಾಧ. 1664ರ ಕಾಯಿದೆಯ ಪ್ರಕಾರ ಮನೆಯವರನ್ನು ಬಿಟ್ಟು ಐವರಿಗಿಂತ ಹೆಚ್ಚು ಜನ ಪ್ರಾರ್ಥನೆಗೆ ಸೇರುವಂತಿರಲಿಲ್ಲ. ಅದಕ್ಕೇ ಮೊದಲ ಮಂದಿರಗಳು ಮನೆಗಳು, ಕೊಟ್ಟಿಗೆಗಳು, ಓಣಿಯೊಳಗಿನ ಹಜಾರಗಳು. 1689ರ ಸಹಿಷ್ಣುತಾ ಕಾಯಿದೆ ಬಂದ ಮೇಲೆ ನೋಂದಾಯಿಸಿಕೊಂಡ ಜಾಗದಲ್ಲಿ ಕೂಡಲು ಅನುಮತಿ ಸಿಕ್ಕಿತು. ಆದರೆ ಸಭೆ ನಡೆಯುವಾಗ ಬಾಗಿಲಿಗೆ ಅಗಳಿ ಹಾಕಬಾರದೆಂಬ ಷರತ್ತಿತ್ತು.

ಈ ಕಾಲದ ಚಹರೆ ಉಳಿದಿರುವ ಸಣ್ಣ ಊರು ಟ್ಯೂಕ್ಸ್‌ಬರಿ. ಸೆವರ್ನ್ ಮತ್ತು ಏವನ್ ನದಿಗಳು ಕೂಡುವ ಈ ಊರಿನಲ್ಲಿ 1121ರಲ್ಲಿ ಪ್ರತಿಷ್ಠೆಯಾದ ದೊಡ್ಡ ಮಠದ ಚರ್ಚು ಇದೆ, ಅದರ ನಾರ್ಮನ್ ಗೋಪುರ ದೂರಕ್ಕೆ ಕಾಣುತ್ತದೆ. ಅದಕ್ಕೆ ಸಮೀಪದಲ್ಲೇ, ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದಷ್ಟು ಇಕ್ಕಟ್ಟಿನ ಓಣಿಯೊಳಗೆ ಹಳೆಯ ಬ್ಯಾಪ್ಟಿಸ್ಟ್ ಪ್ರಾರ್ಥನಾಲಯವಿದೆ. ಮೂಲತಃ ಅದು 15ನೆಯ ಶತಮಾನದ, ಮರದ ಚೌಕಟ್ಟಿನ ಮನೆ. 17ನೆಯ ಶತಮಾನದಲ್ಲಿ ಸಭೆ ಅದನ್ನು ಹಿಡಿದು ಒಳಗೆ ಪೀಠ, ಅಟ್ಟಣೆ, ನೆಲದಡಿಯ ತೊಟ್ಟಿಗಳನ್ನು ಸೇರಿಸಿತು. 19ನೆಯ ಶತಮಾನದ ಆರಂಭದಲ್ಲಿ ಸಭೆ ಬೇರೆ ಬೀದಿಯ ಹೊಸ ಕಟ್ಟಡಕ್ಕೆ ಹೋದ್ದರಿಂದ ಹಳೆಯದು ಹೆಚ್ಚು ಬದಲಾಗದೆ ಉಳಿಯಿತು. ಮುಂದೆ ಅದನ್ನು 18ನೆಯ ಶತಮಾನದ ಸ್ಥಿತಿಗೆ ತಂದು ಜೀರ್ಣೋದ್ಧಾರ ಮಾಡಿದರು. ಓಣಿಯ ತುದಿಯ ಸಮಾಧಿ ನೆಲದಲ್ಲಿ ಷೇಕ್ಸ್‌ಪಿಯರನ ತಂಗಿ ಜೋನ್ ಹಾರ್ಟಳ ವಂಶದವರ ಗೋರಿಗಳೂ ಇವೆ. ಅಂಜಿ ಅಡಗಿ ಬದುಕಿದ ಸಭೆಯೊಂದು ತನ್ನ ಕಟ್ಟಡವನ್ನು ಹೇಗೆ ಮರೆಯಲ್ಲಿ ಇಟ್ಟುಕೊಂಡಿತೆಂಬುದಕ್ಕೆ ಟ್ಯೂಕ್ಸ್‌ಬರಿಗಿಂತ ಒಳ್ಳೆಯ ಸಾಕ್ಷಿ ಬೇಡ.

18ನೆಯ ಶತಮಾನದ ಹೊಸ ಕಟ್ಟಡಗಳಲ್ಲಿ ಒಂದು ನಕ್ಷೆ ಖಾಯಂ ಆಯಿತು. ಆಯತಾಕಾರದ ಹಜಾರ, ಬಾಗಿಲು ಉದ್ದನೆಯ ಗೋಡೆಯಲ್ಲಿ, ಎದುರು ಗೋಡೆಯ ಮಧ್ಯದಲ್ಲಿ ಪೀಠ, ಪೀಠದ ಇಕ್ಕೆಲಗಳಲ್ಲಿ ಎರಡು ಎತ್ತರದ ಕಿಟಕಿ, ಉಳಿದ ಮೂರು ಬದಿಗೆ ಅಟ್ಟಣೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಾಯಿಮಾತು ಕೊನೆಯವನಿಗೂ ಮುಟ್ಟಬೇಕಾದರೆ ಜನರನ್ನು ಹಿಂದೆ ಹಿಂದೆ ಕೂರಿಸುವುದಕ್ಕಿಂತ ಮೇಲೆ ಕೂರಿಸುವುದು ಮೇಲು. ಪೀಠದ ನೆತ್ತಿಗೆ ಹಲಗೆಯ ಛತ್ರಿ ಕಟ್ಟಿದ್ದೂ ಮಾತು ಮೇಲಕ್ಕೆ ಹೋಗಿ ಕರಗದೆ ಸಭೆಯ ಕಡೆ ತಿರುಗಲೆಂದೇ. ಕಿಟಕಿಗಳಿಗೆ ಬಣ್ಣವಿಲ್ಲದ ಗಾಜು: ಪುಸ್ತಕ ಕೈಯಲ್ಲಿ ಹಿಡಿದು ಓದುವ ಸಭೆಗೆ ಬೆಳಕು ಬೇಕು.

ಪ್ರಾವಿಡೆನ್ಸ್ ಮತ್ತು ಲಂಡನ್

ಅಮೆರಿಕದ ರೋಡ್ ಐಲೆಂಡಿನಲ್ಲಿ ರಾಜರ್ ವಿಲಿಯಮ್ಸ್ 1638ರಲ್ಲಿ ಕೂಡಿಸಿದ ಸಭೆ ಆ ದೇಶದ ಮೊದಲ ಬ್ಯಾಪ್ಟಿಸ್ಟ್ ಸಭೆ. ಅದು 1775ರಲ್ಲಿ ಪ್ರಾವಿಡೆನ್ಸಿನಲ್ಲಿ ಕಟ್ಟಿ ಮುಗಿಸಿದ ಮಂದಿರ ಅಡಗುವ ಅಗತ್ಯವಿಲ್ಲದವರ ಕಟ್ಟಡ. ಜೋಸೆಫ್ ಬ್ರೌನ್ ಇದರ ನಕ್ಷೆ ಮಾಡಿದ; ಗೋಪುರಕ್ಕೆ ಲಂಡನ್ನಿನ ಜೇಮ್ಸ್ ಗಿಬ್ಸನ ವಾಸ್ತು ಪುಸ್ತಕದಲ್ಲಿದ್ದ ಚಿತ್ರವೇ ಮಾದರಿ. ಸುಮಾರು 80 ಅಡಿ ಚೌಕದ ಮರದ ಹಜಾರದ ಮೇಲೆ 185 ಅಡಿ ಎತ್ತರದ ಗೋಪುರ ನಿಂತಿತು. ಬ್ರಿಟಿಷರು 1774ರಲ್ಲಿ ಬಾಸ್ಟನ್ ಬಂದರನ್ನು ಮುಚ್ಚಿದ್ದರಿಂದ ಕೆಲಸವಿಲ್ಲದೆ ಕೂತಿದ್ದ ಹಡಗು ಬಡಗಿಗಳು ಇಲ್ಲಿಗೆ ಬಂದು ದುಡಿದರು. ಆದರೂ ಒಳಗೆ ಬಲಿಪೀಠವಿಲ್ಲ, ಚಿತ್ರವಿಲ್ಲ.

ಲಂಡನ್ನಿನ ಪ್ರಸಿದ್ಧ ಬೋಧಕ ಚಾರ್ಲ್ಸ್ ಸ್ಪರ್ಜನ್ 1861ರಲ್ಲಿ ತೆರೆದ ಮೆಟ್ರೊಪಾಲಿಟನ್ ಟ್ಯಾಬರ್ನ್ಯಾಕಲ್ ಇನ್ನೊಂದು ತಿರುವು. ಆಗ ಇಂಗ್ಲೆಂಡಿನಲ್ಲೆಲ್ಲ ಗಾಥಿಕ್ ಶೈಲಿಯ ಹುಚ್ಚು. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯದು, ಆದ್ದರಿಂದ ತಮ್ಮ ಮಂದಿರವೂ ಗ್ರೀಕ್ ಆಗಿರಲಿ ಎಂದು ಸ್ಪರ್ಜನ್ ಹಟ ಹಿಡಿದ. ಆರು ಕಂಬಗಳ ಮುಖಮಂಟಪದ ಹಿಂದೆ ಸಾವಿರಾರು ಜನ ಕೂರುವ ಹಜಾರ ಎದ್ದಿತು. ಕಟ್ಟಡ 1898ರಲ್ಲಿ ಬೆಂಕಿಗೆ, ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿತು. ಕಂಬಗಳ ಮುಖಮಂಟಪ ಎರಡಕ್ಕೂ ಜಗ್ಗದೆ ಈಗಲೂ ಇದೆ.

ಬಂಗಾಳದಿಂದ ತೆಲುಗು ನಾಡಿಗೆ

1792ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸಂಘ ವಿಲಿಯಂ ಕೇರಿಯನ್ನು ಭಾರತಕ್ಕೆ ಕಳಿಸಿತು. ಕಂಪನಿ ಸರ್ಕಾರದ ವಿರೋಧವಿದ್ದುದರಿಂದ ಅವನೂ ಅವನ ಸಂಗಡಿಗರೂ 1800ರಲ್ಲಿ ಡೇನರ ಶ್ರೀರಾಮಪುರದಲ್ಲಿ ನೆಲೆ ನಿಂತರು. ಅದೇ ವರ್ಷ ಡಿಸೆಂಬರ್ 28ರಂದು ಕೃಷ್ಣ ಪಾಲ್ ಎಂಬ ಬಡಗಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ. ಹೊಳೆಯ ಮೆಟ್ಟಿಲೇ ಅಲ್ಲಿನ ಮೊದಲ ತೊಟ್ಟಿ. ಕಲ್ಕತ್ತೆಯ ಲಾಲ್‌ಬಜಾರಿನ ಪ್ರಾರ್ಥನಾಲಯ 1809ರಲ್ಲಿ ತೆರೆಯಿತು. ಮುಂದೆ ಬರ್ಮಾಕ್ಕೆ ಹೋಗಿ ಹೆಸರಾದ ಅಡೊನಿರಾಮ್ ಜಡ್ಸನ್ 1812ರ ಸೆಪ್ಟೆಂಬರ್ 6ರಂದು ಅಲ್ಲೇ ಮುಳುಗಿ ಬ್ಯಾಪ್ಟಿಸ್ಟನಾದ. ಕನ್ನಡಿಗರಿಗೆ ಶ್ರೀರಾಮಪುರ ಇನ್ನೊಂದು ಕಾರಣಕ್ಕೆ ನೆನಪಿರಬೇಕು: ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿನ ಮುದ್ರಣಾಲಯದಲ್ಲೇ ಅಚ್ಚಾಯಿತು.

ದಕ್ಷಿಣಕ್ಕೆ ಬಂದವರು ಅಮೆರಿಕದ ಬ್ಯಾಪ್ಟಿಸ್ಟರು. ಸ್ಯಾಮ್ಯುಯೆಲ್ ಡೇ 1840ರಲ್ಲಿ ನೆಲ್ಲೂರಿನಲ್ಲಿ ನೆಲೆಸಿದರು. ಅವರ ಬಳಿಕ ಲೈಮನ್ ಜ್ಯುವೆಟ್, 1866ರಿಂದ ಒಂಗೋಲಿನಲ್ಲಿ ಜಾನ್ ಕ್ಲಫ್. 1876-78ರ ಮಹಾಕ್ಷಾಮದಲ್ಲಿ ಕ್ಲಫ್ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗದ ಅಗೆತವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಕ್ಷಾಮ ಕಳೆದ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಆರು ಮಂದಿ ದೇಶೀ ಬೋಧಕರು ಇಬ್ಬಿಬ್ಬರಂತೆ ಸರದಿಯ ಮೇಲೆ ನೀರಿನಲ್ಲಿ ನಿಂತಿದ್ದರು. ಯಾವ ಮಂದಿರದ ತೊಟ್ಟಿಗೂ ಇದು ಆಗುವ ಕೆಲಸವಲ್ಲ.

ಹೀಗೆ ಸೇರಿದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳಲ್ಲಿದ್ದ ಮಾದಿಗರು. ದೇವಸ್ಥಾನದ ಬಾಗಿಲಾಗಲಿ ಚಾವಡಿಯ ಕಟ್ಟೆಯಾಗಲಿ ಅವರಿಗೆ ಇರಲಿಲ್ಲ. ಕೇರಿಯೊಳಗೆ ಎದ್ದ ಮಣ್ಣಿನ ಗೋಡೆ, ಹುಲ್ಲು ಹೊದಿಕೆಯ ಪ್ರಾರ್ಥನಾಲಯ ಅವರದೇ ಎನ್ನುವ ಸಾರ್ವಜನಿಕ ಜಾಗವಾಯಿತು. ವಾರದ ದಿನಗಳಲ್ಲಿ ಅದೇ ಶಾಲೆ, ಭಾನುವಾರ ಅದೇ ಸಭೆ. ವಾಸ್ತುವಿನ ಲೆಕ್ಕದಲ್ಲಿ ಅದು ನಾಲ್ಕು ಗೋಡೆ, ಒಂದು ಬಾಗಿಲು. ಸಮಾಜದ ಲೆಕ್ಕದಲ್ಲಿ ಪ್ರಾವಿಡೆನ್ಸಿನ 185 ಅಡಿ ಗೋಪುರಕ್ಕಿಂತ ಅದು ಎತ್ತರದ್ದೆಂದು ಈ ಲೇಖಕನ ಎಣಿಕೆ. ಒಂಗೋಲಿನ ಜ್ಯುವೆಟ್ ಸ್ಮಾರಕ ಚರ್ಚು, ಕರ್ನೂಲಿನಲ್ಲಿ ಕೋಲ್ಸ್ ಹೆಸರು ಹೊತ್ತ ಚರ್ಚು ಮುಂತಾದ ದೊಡ್ಡ ಕಟ್ಟಡಗಳ ಬೇರು ಇಂಥ ಗುಡಿಸಲು ಮಂದಿರಗಳಲ್ಲಿದೆ. ಕೆನಡಾದ ಬ್ಯಾಪ್ಟಿಸ್ಟರು 1874ರಲ್ಲಿ ಕಾಕಿನಾಡದಿಂದ ತಮ್ಮ ಕೆಲಸ ತೊಡಗಿದರು. ಈಶಾನ್ಯದ ನಾಗಾ ಬೆಟ್ಟಗಳಲ್ಲಿ ಬ್ಯಾಪ್ಟಿಸ್ಟರೇ ಬಹುಸಂಖ್ಯಾತರು. ಜುನ್‌ಹೆಬೊಟೊದಲ್ಲಿ 2017ರಲ್ಲಿ ತೆರೆದ ಸುಮಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 8,500 ಜನ ಕೂರಬಹುದು.

ಕನ್ನಡದ ಗಡಿಯಲ್ಲಿ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಬ್ರಹ್ಮಸಮುದ್ರಗಳಿರುವ ಕನ್ನಡ-ತೆಲುಗು ಗಡಿನಾಡಿನಲ್ಲಿ ಒಂಗೋಲಿನಂಥ ಹಳೆಯ ಬ್ಯಾಪ್ಟಿಸ್ಟ್ ಪರಂಪರೆ ಬೆಳೆಯದಿರಲು ಕಾರಣವಿದೆ. ಮಿಷನ್ ಸಂಘಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡದಂತೆ ಜಿಲ್ಲೆಗಳನ್ನು ಹಂಚಿಕೊಂಡಿದ್ದವು. ನೆಲ್ಲೂರು, ಒಂಗೋಲು, ಕರ್ನೂಲು ಕಡೆ ಬ್ಯಾಪ್ಟಿಸ್ಟರದಾದರೆ ಬಳ್ಳಾರಿ, ಕಡಪ, ಅನಂತಪುರದ ಕಡೆ ಲಂಡನ್ ಮಿಷನ್ನಿನದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡಕ್ಕೆ ಬೈಬಲ್ ತಂದವರಲ್ಲಿ ಅವರೇ ಮೊದಲಿಗರು. ಈ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಗೂ, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಗೂ ಸೇರಿದವು. ಬ್ಯಾಪ್ಟಿಸ್ಟರು ಆ ಐಕ್ಯಕ್ಕೆ ಬರಲಿಲ್ಲ.

ಲಂಡನ್ ಮಿಷನ್ನಿನವರೂ ರಾಜ್ಯದ ಚರ್ಚನ್ನು ಬಿಟ್ಟುಬಂದವರೇ, ಅವರಿಗೂ ಪ್ರಸಂಗವೇ ಮುಖ್ಯ. ಹೀಗಾಗಿ ಹಜಾರದ ನಕ್ಷೆ ಹೆಚ್ಚುಕಡಿಮೆ ಒಂದೇ. ಶಿಶುದೀಕ್ಷೆ ಅವರಿಗೆ ಒಪ್ಪಿತವಾದ್ದರಿಂದ ತೊಟ್ಟಿ ಮಾತ್ರ ಇಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಈ ಪರಂಪರೆಯದು. ಬೆಂಗಳೂರಿನಲ್ಲಿ 1837ರಿಂದ 1887ರ ತನಕ ಐವತ್ತು ವರ್ಷ ದುಡಿದ ಬೆಂಜಮಿನ್ ರೈಸರ ಹೆಸರು ಅದಕ್ಕಿದೆ. ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ ಮಗ. ಪೇಟೆಯ ಅಂಗಡಿ ಸಾಲಿನ ನಡುವೆ ಅದರ ಕಂಬಗಳ ಮುಖಮಂಟಪ ಈಗಲೂ ಕಾಣುತ್ತದೆ. ವೆಸ್ಲಿಯನ್ನರು 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚು ಕೂಡ ಕನ್ನಡ ಸಭೆಯದೇ, ಆದರೆ ಅದು ಕಲ್ಲಿನ ಗಾಥಿಕ್ ಕಟ್ಟಡ. ಕರಾವಳಿಯಲ್ಲಿ ಬಾಸೆಲ್ ಮಿಷನ್ ತನ್ನದೇ ದಾರಿ ಹಿಡಿಯಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಹೆಂಚು ಚರ್ಚಿಗೂ ಶಾಲೆಗೂ ಮನೆಗೂ ಸಮಾನವಾಗಿ ಏರಿತು. ಇನ್ನು ಕರ್ನಾಟಕದ ಬಹುಮಂದಿಗೆ ಬ್ಯಾಪ್ಟಿಸ್ಟ್ ಎಂಬ ಹೆಸರು ಪರಿಚಯವಾದದ್ದು 1973ರಲ್ಲಿ ಹೆಬ್ಬಾಳದಲ್ಲಿ ತೆರೆದ ಆಸ್ಪತ್ರೆಯಿಂದ.

ಗಡಿನಾಡಿನ ನೆಲದಲ್ಲಿ ಇಂಥ ಹಜಾರ ಕಟ್ಟುವುದಕ್ಕೆ ಎರಡು ತೊಡಕು. ಮೊದಲನೆಯದು ಸೂರು. ಹಿಂದೂಪುರದ ಹತ್ತಿರದ ಲೇಪಾಕ್ಷಿಯಲ್ಲಿ 16ನೆಯ ಶತಮಾನದ ವೀರಭದ್ರ ದೇವಾಲಯವಿದೆ. ಕಲ್ಲಿನ ಚಪ್ಪಡಿಗೆ ಕೆಲವೇ ಅಡಿಗೊಂದು ಆಸರೆ ಬೇಕಾದ್ದರಿಂದ ಅದರ ಮಂಟಪ ತುಂಬ ಕಂಬಗಳು, ಕಂಬದಿಂದ ಕಂಬಕ್ಕೆ ಶಿಲ್ಪ ನೋಡುತ್ತ ನಡೆಯುವುದೇ ಅಲ್ಲಿನ ಸುಖ. ಪ್ರಸಂಗದ ಹಜಾರಕ್ಕೆ ಅದೇ ಕಂಬ ಅಡ್ಡಿ. ಅದರ ಹಿಂದೆ ಕೂತವನಿಗೆ ಬೋಧಕನೂ ಕಾಣ, ತೊಟ್ಟಿಯೂ ಕಾಣದು. ಇಲ್ಲಿನ ಮಾಳಿಗೆ ಮನೆಗಳ ಪದ್ಧತಿ, ಅಂದರೆ ತೊಲೆ, ಜಂತೆ, ಮೇಲೆ ಚೌಳು ಮಣ್ಣು, ತೊಲೆಯ ಉದ್ದಕ್ಕಿಂತ ಅಗಲವಾದ ಕೋಣೆಯನ್ನು ಕೊಡಲಾರದು. ಗೋಡೆಯಿಂದ ಗೋಡೆಗೆ ಕಂಬವಿಲ್ಲದೆ ಹಾಯುವ ಮರದ ಅಥವಾ ಕಬ್ಬಿಣದ ಕೈಮರ, ಅದರ ಮೇಲೆ ರೀಪು, ರೀಪಿನ ಮೇಲೆ ಮಂಗಳೂರು ಹೆಂಚು ಬಂದಾಗಲೇ ಅಗಲವಾದ ಹಜಾರ ಸಾಧ್ಯವಾಯಿತು. ರೈಲು ಈ ಸರಕನ್ನು ಒಳನಾಡಿಗೆ ತಂದಿತು. ನಮ್ಮಲ್ಲಿ ಅಟ್ಟಣೆಯ ರೂಢಿ ಅಷ್ಟಾಗಿ ಹತ್ತಲಿಲ್ಲ: ನೆಲದ ಮೇಲೆ ಚಾಪೆ ಹಾಸಿ, ಗಂಡಸರು ಒಂದು ಬದಿಗೆ ಹೆಂಗಸರು ಒಂದು ಬದಿಗೆ ಕೂತರೆ ಬೆಂಚಿಗಿಂತ ಹೆಚ್ಚು ಜನ ಹಿಡಿಸುತ್ತಾರೆ. ಬಿಸಿಲಿಗೆ ಗೋಡೆ ಕಾಯದಂತೆ ಸುತ್ತ ಪಡಸಾಲೆ ಸೇರಿತು.

ಎರಡನೆಯ ತೊಡಕು ನೀರು. ಅನಂತಪುರದ ಕಡೆ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. 15 ಲೀಟರಿನ ಕೊಡದಲ್ಲಿ 4,000 ಲೀಟರ್ ಹೊರುವುದೆಂದರೆ 260ಕ್ಕೂ ಹೆಚ್ಚು ಕೊಡ. ಕುಡಿಯುವ ನೀರಿಗೆ ಮೈಲಿ ನಡೆಯುವ ಊರಿನಲ್ಲಿ ಅಷ್ಟನ್ನು ತೊಟ್ಟಿಗೆ ಸುರಿಯುವುದು ಸುಲಭದ ಮಾತಲ್ಲ. ಒಣನಾಡಿನ ಸಭೆಗೆ ತುಂಬಿದ ಕೆರೆ, ಹರಿಯುವ ಕಾಲುವೆ, ಹೊಲದ ಮೆಟ್ಟಿಲು ಬಾವಿ ಇದ್ದರೆ ಅದೇ ತೊಟ್ಟಿ. ಕಟ್ಟಡದಲ್ಲಿ ತೊಟ್ಟಿ ಕಾಣದಿದ್ದರೆ ಅದು ಬ್ಯಾಪ್ಟಿಸ್ಟರದಲ್ಲ ಎಂದು ತೀರ್ಮಾನಿಸಬಾರದು. ಊರ ಜಲಮೂಲವನ್ನೂ ಮಂದಿರದ ನಕ್ಷೆಯೊಳಗೆ ಸೇರಿಸಿ ಓದಬೇಕು.

ಈಗಿನ ಸ್ಥಿತಿ

ಧ್ವನಿವರ್ಧಕ ಮತ್ತು ಕಾಂಕ್ರೀಟು ಈ ವಾಸ್ತುವಿನ ಎರಡು ಮೂಲ ಕಾರಣಗಳನ್ನೇ ತೆಗೆದುಹಾಕಿವೆ. ಮಾತು ಎಷ್ಟು ದೂರಕ್ಕಾದರೂ ಕೇಳುತ್ತದೆ, ಸೂರು ಎಷ್ಟು ಅಗಲಕ್ಕಾದರೂ ಹಾಯುತ್ತದೆ. ಸಭೆ ಬೆಳೆದ ಕಡೆ ಹೆಂಚಿನ ಹಜಾರ ಕೆಡವಿ ತಾರಸಿಯ ಕಟ್ಟಡ ಏಳಿಸುವುದು ಸಹಜ. ಕಟ್ಟಡ ಜನರಿಗಾಗಿ ಎಂಬ ಬ್ಯಾಪ್ಟಿಸ್ಟರ ನಿಲುವಿಗೂ ಅದು ಒಪ್ಪುತ್ತದೆ. ಆದರೆ ಹಾಗೆ ಹೋಗುವಾಗ ಅಡಿಗಲ್ಲಿನ ಬರಹ, ಗಾರೆಯ ತೊಟ್ಟಿ, ಬಡಗಿ ಕೂಡಿಸಿದ ಕೈಮರ ಎಲ್ಲವೂ ದಾಖಲೆಯಿಲ್ಲದೆ ಹೋಗುತ್ತವೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ರಾಷ್ಟ್ರೀಯ ಮಹತ್ವದ, ನೂರು ವರ್ಷ ದಾಟಿದ ಕಟ್ಟಡಗಳಿಗೆ. ಕೇರಿಯ ಪ್ರಾರ್ಥನಾಲಯ ಅದರ ಕಣ್ಣಿಗೆ ಬೀಳುವುದು ಕಷ್ಟ. ಮನಸ್ಸಿದ್ದರೆ ಏನಾಗಬಹುದೆಂಬುದಕ್ಕೆ ಶ್ರೀರಾಮಪುರದಲ್ಲೇ ಉದಾಹರಣೆಯಿದೆ: ಡೇನರ ಕಾಲದ ಸಂತ ಓಲಾವ್ ಚರ್ಚನ್ನು ಜೀರ್ಣೋದ್ಧಾರ ಮಾಡಿದ ಕೆಲಸಕ್ಕೆ 2016ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು.

ಅಷ್ಟು ಹಣ ಎಲ್ಲ ಸಭೆಗಳಲ್ಲೂ ಇಲ್ಲ. ಆದರೂ ಹಳೆಯ ಮಂದಿರಕ್ಕೆ ಹಾರೆ ಹಾಕುವ ಮೊದಲು ಒಂದು ಅಳತೆ ಪಟ್ಟಿ ಹಿಡಿದು ಅದರ ನಕ್ಷೆ ಬರೆದಿಡಲಿ, ತೊಟ್ಟಿಯ ಮತ್ತು ಸೂರಿನ ಚಿತ್ರ ತೆಗೆದಿಡಲಿ, ಅಡಿಗಲ್ಲನ್ನು ಹೊಸ ಗೋಡೆಯಲ್ಲಿ ಕೂರಿಸಲಿ, ಕಟ್ಟಿದ ಮೇಸ್ತ್ರಿಯ ಹೆಸರು ಯಾರಿಗಾದರೂ ಗೊತ್ತಿದ್ದರೆ ಸಭೆಯ ದಾಖಲೆ ಪುಸ್ತಕದಲ್ಲಿ ಬರೆಯಲಿ. ಇದಕ್ಕೆ ಒಂದು ದಿನದ ಕೆಲಸ, ನಾಲ್ಕು ಜನರ ಕೈ ಸಾಕು.